ನಾಲ್ಕೂವರೆ ನಿಮಿಷದ ಪ್ರಾರ್ಥನೆ

ಮುದ್ರಕನ ಹೆಂಡತಿ ಅಡುಗೆಮನೆಯಲ್ಲಿ ಗಡಿಯಾರ ಇಟ್ಟುಕೊಂಡಿರಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಗಂಡ ಊಟದ ಮೇಜಿನೆದುರು ಕುಳಿತು, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, "ಕೃಪಾಪೂರ್ಣನಾದ ಪರಲೋಕದ ತಂದೆಯೇ" ಎಂದು ಆರಂಭಿಸುತ್ತಿದ್ದಂತೆ ಆಕೆ ಕುದಿಯುವ ನೀರಿಗೆ ಎರಡು ಮೊಟ್ಟೆ ಇಳಿಬಿಡುತ್ತಿದ್ದಳು. ಅವನು "ಆಮೆನ್" ಎಂದಾಗ ಎತ್ತುತ್ತಿದ್ದಳು. ಆಳುವವರಿಗೆ ಸದ್ಬುದ್ಧಿ ಬೇಡುವ ಹೊತ್ತಿಗೆ ಬಿಳಿಭಾಗ ಹೆಪ್ಪುಗಟ್ಟುತ್ತಿತ್ತು; ದೂರದೇಶದಲ್ಲಿ ಧರ್ಮ ಸಾರುವ ಸುವಾರ್ತಾ ಸೇವಕರ ಸರದಿ ಬರುವಷ್ಟರಲ್ಲಿ ಹಳದಿಯ ಅಂಚು ಬಿಗಿಯುತ್ತಿತ್ತು. ಸರಿಯಾಗಿ ನಾಲ್ಕೂವರೆ ನಿಮಿಷ. ಇಪ್ಪತ್ತಾರು ವರ್ಷಗಳಲ್ಲಿ ಒಂದು ಮೊಟ್ಟೆಯೂ ಕೆಟ್ಟದ್ದಿಲ್ಲ.

"ನಿಮ್ಮ ಪ್ರಾರ್ಥನೆ ದೇವರಿಗೆ ಕೇಳುತ್ತೋ ಇಲ್ವೋ ನಾ ಕಾಣೆ ರೀ, ಮೊಟ್ಟೆಗಂತೂ ಚೆನ್ನಾಗಿ ಕೇಳುತ್ತೆ" ಎಂದು ಆಕೆ ಆಗಾಗ ಅನ್ನುವುದಿತ್ತು. ಅವನು ಅದನ್ನು ಹೊಗಳಿಕೆಯೆಂದೇ ಬಗೆದಿದ್ದ. ಚರ್ಚಿನ ಹಿರಿಯನಾದವನ ಮನೆಯಲ್ಲಿ ಮೊಟ್ಟೆಗಳೂ ಶಿಸ್ತಿನಿಂದ ಬೇಯುತ್ತವೆ ಎಂಬುದು ಅವನಿಗೆ ಒಳಗೊಳಗೇ ಹೆಮ್ಮೆ.

ಮನೆಯ ಮುಂಭಾಗವೇ ಅವನ ಅಚ್ಚುಕೂಟ. ಕಾಲಿನಿಂದ ತುಳಿಯುವ ಹಳೆಯ ಯಂತ್ರ, ಎಣ್ಣೆ ಮತ್ತು ಶಾಯಿಯ ವಾಸನೆ ಹೀರಿಕೊಂಡ ಗೋಡೆಗಳು, ನೂರಾರು ಖಾನೆಗಳಲ್ಲಿ ಮಲಗಿರುವ ಸೀಸದ ಮೊಳೆಗಳು. ಒಂದೊಂದು ಮೊಳೆಯ ತುದಿಯಲ್ಲೂ ಒಂದೊಂದು ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಅವನ್ನು ಹೆಕ್ಕಿ ಸಾಲು ಕಟ್ಟಿ, ಪುಟ ತುಂಬಿದ ಮೇಲೆ ಸುತ್ತ ದಾರ ಬಿಗಿದು ಅಚ್ಚು ಹಾಕುವುದು. ಕೆಲಸ ಮುಗಿದ ಮೇಲೆ ದಾರ ಬಿಚ್ಚಿ ಪ್ರತಿಯೊಂದು ಮೊಳೆಯನ್ನೂ ಅದರ ಖಾನೆಗೆ ಹಿಂತಿರುಗಿಸುವುದು. ಕಸುಬಿನ ಕ್ರಮ ಇದು. ಆದರೆ ಮತ್ತೆ ಮತ್ತೆ ಬೇಕಾಗುವ ಪುಟವನ್ನು ಬುದ್ಧಿಯಿರುವ ಯಾವ ಮುದ್ರಕನೂ ಬಿಚ್ಚುವುದಿಲ್ಲ. ದಾರ ಕಟ್ಟಿದ ಹಾಗೆಯೇ ತಗಡಿನ ತಟ್ಟೆಯ ಮೇಲೆ ಎತ್ತಿಡುತ್ತಾನೆ.

ಚರ್ಚಿನ ಭಾನುವಾರದ ಹಾಳೆ ಅಂಥ ಪುಟ. ಪ್ರತಿ ಶನಿವಾರ ಮುದ್ರಕ ಅದನ್ನು ಕೆಳಗಿಳಿಸಿ, ತಾರೀಖು ಬದಲಿಸಿ, ಹಾಡುಗಳ ಸಂಖ್ಯೆ ಬದಲಿಸಿ, ನೂರೈವತ್ತು ಪ್ರತಿ ತೆಗೆದು ಮತ್ತೆ ಮೇಲಿಡುತ್ತಿದ್ದ. ಹಾಳೆಯ ಕೆಳಭಾಗದಲ್ಲಿ ರೋಗಿಗಳಿಗಾಗಿ ಮಾಡುವ ಪ್ರಾರ್ಥನೆ. ಭಾನುವಾರ ಅದನ್ನು ವೇದಿಕೆಯಿಂದ ಓದುವವನೂ ಅವನೇ. ಹೆಸರು ಅಚ್ಚು ಹಾಕಿದರೆ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆಂದು ಯಾರದೋ ಕಾಲದಲ್ಲಿ ತೀರ್ಮಾನವಾದ್ದರಿಂದ ಅಲ್ಲಿ ಹೆಸರುಗಳಿರಲಿಲ್ಲ. "ಬೇಕರಿಯ ಸಹೋದರನ ಮಾವನವರ ಮೊಣಕಾಲಿಗಾಗಿ", "ಗಡಿಯಾರದಂಗಡಿಯ ಸಹೋದರಿಯ ಸಂಪೂರ್ಣ ಸ್ವಸ್ಥತೆಗಾಗಿ" ಎಂದಿರುತ್ತಿತ್ತು. ಊರಲ್ಲಿ ಇದ್ದದ್ದು ಒಂದೇ ಬೇಕರಿ, ಒಂದೇ ಗಡಿಯಾರದಂಗಡಿ. ಆದರೂ ಗುಟ್ಟು ಕಾಪಾಡಿದ ತೃಪ್ತಿ ಎಲ್ಲರಿಗೂ ಇತ್ತು.

ಒಂದು ಬುಧವಾರ ಪಾಸ್ಟರ್ ಅಚ್ಚುಕೂಟದ ಬಾಗಿಲಲ್ಲಿ ನಿಂತರು. ವಯಸ್ಸಿನಲ್ಲಿ ಮುದ್ರಕನ ಮಗನಾಗಬಹುದಾದವರು. ಹಾಗಾಗಿ ಏನು ಹೇಳಬೇಕಾದರೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಹಿರಿಯರೇ, ಗಡಿಯಾರದಂಗಡಿಯವರು ಆರು ವಾರದಿಂದ ಆರಾಧನೆಗೆ ಬಂದಿಲ್ಲ. ಸ್ವಲ್ಪ ತಣ್ಣಗಾಗಿದ್ದಾರೆ ಅನ್ಸುತ್ತೆ. ನಿಮ್ಮ ಹಳೇ ಸ್ನೇಹಿತರಲ್ವಾ, ಹೋಗಿ ಒಂಚೂರು ಕಾಯಿಸಿ ಬನ್ನಿ."

ತಾನು ಒಲೆಯೆಂಬುದರಲ್ಲಿ ಮುದ್ರಕನಿಗೆ ಸಂಶಯವಿರಲಿಲ್ಲ. ಗಡಿಯಾರದವನ ಹೆಂಡತಿ ತೀರಿಕೊಂಡು ಒಂಬತ್ತು ವಾರವಾಗಿತ್ತು. ಶವಪೆಟ್ಟಿಗೆಗೆ ಬಲಗಡೆ ಮುಂದುಗಡೆ ಹೆಗಲು ಕೊಟ್ಟವನು ಇವನೇ. ಕಪ್ಪು ಅಂಚಿನ ಕಾರ್ಡು ಅಚ್ಚು ಹಾಕಿದವನೂ ಇವನೇ. ದುಃಖಕ್ಕೂ ಒಂದು ಮಿತಿಯಿರಬೇಕು. ಸಂಕಟ ಬಂದೊಡನೆ ದೇವರಿಗೆ ಬೆನ್ನು ತಿರುಗಿಸುವುದು ವಿಶ್ವಾಸಿಯ ಲಕ್ಷಣವೇ?

ಹೊರಡುವಾಗ ಅವನು ತಾನೇ ಅಚ್ಚು ಹಾಕಿದ ಒಂದು ಕರಪತ್ರವನ್ನು ಜೇಬಿಗಿಳಿಸಿದ. "ಎದ್ದೇಳು! ಆತ್ಮಿಕ ಜಡತೆಯ ಏಳು ಲಕ್ಷಣಗಳು." ಸಾವಿರದ ಇನ್ನೂರು ಪ್ರತಿ ತೆಗೆದಿದ್ದ. ಪ್ರತಿ ಅಕ್ಷರವನ್ನೂ ಸ್ವಂತ ಬೆರಳಿನಿಂದ ಜೋಡಿಸಿ, ಎರಡು ಸಲ ತಿದ್ದಿದ್ದ. ತಿರುಗುಮುರುಗಾಗಿ ಓದಿದ್ದಕ್ಕೋ ಏನೋ, ಏಳರಲ್ಲಿ ಒಂದು ಲಕ್ಷಣವೂ ಅವನಿಗೆ ಪರಿಚಯದ್ದೆನಿಸಿರಲಿಲ್ಲ.

ಗಡಿಯಾರದಂಗಡಿ ಬೀದಿಯ ಕೊನೆಯಲ್ಲಿ. ಒಂದು ಕಾಲಕ್ಕೆ ದಿನಕ್ಕೆ ಮೂರು ಸಲ ಈ ಬೀದಿಯುದ್ದ ಇಬ್ಬರು ಗೆಳೆಯರಲ್ಲೊಬ್ಬರು ಓಡಾಡುತ್ತಿದ್ದರು. ಅದು ಯಾವಾಗ ನಿಂತಿತೆಂದು ಯೋಚಿಸುತ್ತ ಮುದ್ರಕ ಮೆಟ್ಟಿಲು ಹತ್ತಿದ. ಒಳಗೆ ಮೂವತ್ತು ಗಡಿಯಾರಗಳು, ಒಂದರ ಮಾತನ್ನು ಇನ್ನೊಂದು ಒಪ್ಪದೆ, ತಮ್ಮ ತಮ್ಮ ಹೊತ್ತನ್ನು ತಾವು ನಡೆಸಿಕೊಂಡಿದ್ದವು. ಗೆಳೆಯ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಕ್ಕದೊಂದು ಹಲ್ಲುಚಕ್ರವನ್ನು ಚಿಮುಟದಲ್ಲಿ ಹಿಡಿದಿದ್ದ. ಮೇಜಿನ ಮೂಲೆಯಲ್ಲಿ ಬ್ರೆಡ್ಡಿನ ಪೊಟ್ಟಣ, ಒಂದು ಕಪ್ಪು.

"ಬಾರಪ್ಪ, ಹಿರಿಯ" ಎಂದ ತಲೆಯೆತ್ತದೆ. "ಕೈಗಡಿಯಾರ ಕೆಟ್ಟಿದ್ಯೋ, ನಾನು ಕೆಟ್ಟಿದ್ದೀನಿ ಅಂತ ಬಂದ್ಯೋ?"

"ಹಾಗಲ್ಲ ಕಣೋ. ಆರು ವಾರ ಆಯ್ತು..."

"ನೀನು ನೋಡಿದ್ಯಾ?"

"ಪಾಸ್ಟರ್ ಹೇಳಿದ್ರು."

"ಅದನ್ನೇ ಕೇಳಿದ್ದು ನಾನು. ನೀನು ನೋಡಿದ್ಯಾ ಅಂತ."

ಮುದ್ರಕ ಕರಪತ್ರ ತೆಗೆದು ಮೇಜಿನ ಮೇಲಿಟ್ಟ. ಗೆಳೆಯ ಭೂತಗನ್ನಡಿಯನ್ನು ಅದರ ಕಡೆ ತಿರುಗಿಸಿ ಓದಿದ. "ಏಳು ಲಕ್ಷಣ. ಪರವಾಗಿಲ್ಲ, ಕಾಗದ ಚೆನ್ನಾಗಿದೆ." ಆಮೇಲೆ ಮೇಜಿನ ಡ್ರಾಯರ್ ಎಳೆದು ಅಚ್ಚುಕಟ್ಟಾಗಿ ಜೋಡಿಸಿದ್ದ ಒಂದಷ್ಟು ಹಾಳೆಗಳನ್ನು ಹೊರತೆಗೆದ. "ನೀನು ನಂಗೆ ಓದೋಕೆ ಕೊಟ್ಟೆ. ನಾನೂ ನಿಂಗೆ ಕೊಡ್ತೀನಿ ತಗೋ. ನಿನ್ನದೇ ಕೆಲಸ. ಕೊನೇ ಸಾಲು ಜೋರಾಗಿ ಓದು."

ಒಂಬತ್ತು ಭಾನುವಾರದ ಹಾಳೆಗಳು. ಗೈರುಹಾಜರಾದವರ ಬಾಗಿಲಡಿ ಹಾಳೆ ತೂರಿಸುವ ಪದ್ಧತಿಯನ್ನು ಚರ್ಚಿನಲ್ಲಿ ತಂದವನೂ ಮುದ್ರಕನೇ. ಅವನು ಕನ್ನಡಕ ಏರಿಸಿ, ವೇದಿಕೆಯ ದನಿಯಲ್ಲಿ ಓದಿದ. "ಗಡಿಯಾರದಂಗಡಿಯ ಸಹೋದರಿಯ ಸಂಪೂರ್ಣ..."

ಅಲ್ಲಿಗೆ ದನಿ ನಿಂತಿತು. ಮೂವತ್ತು ಗಡಿಯಾರಗಳು ನಿಲ್ಲಲಿಲ್ಲ.

ಅವನು ಎರಡನೆಯ ಹಾಳೆ ನೋಡಿದ. ಮೂರನೆಯದು. ಒಂಬತ್ತನೆಯದು. ತಾರೀಖುಗಳು ಕರಾರುವಾಕ್ಕಾಗಿದ್ದವು. ಹಾಡುಗಳ ಸಂಖ್ಯೆಯಲ್ಲಿ ಒಂದು ತಪ್ಪಿಲ್ಲ. ಕಪ್ಪು ಅಂಚಿನ ಕಾರ್ಡು ಅಚ್ಚಾದ ಯಂತ್ರದಲ್ಲೇ, ಅದೇ ವಾರ, ಅದೇ ಶಾಯಿಯಲ್ಲಿ, ಸತ್ತವಳು ಗುಣವಾಗಲೆಂಬ ಕೋರಿಕೆಯೂ ಅಚ್ಚಾಗಿತ್ತು.

"ಅವಳಿದ್ದಾಗ ಈ ಸಾಲು ಓದಿ ನಗೋಳು" ಎಂದ ಗೆಳೆಯ. "'ರೀ, ನಿಮ್ಮ ಸ್ನೇಹಿತರು ಗುಣ ಆಗ್ಲಿ ಅಂತ ಕೇಳ್ತಿರೋದು ನನಗೋ, ಅಂಗಡಿಗೋ?' ಅನ್ನೋಳು. ಮಣ್ಣು ಮಾಡಿದ ಮೂರನೇ ದಿನ ಭಾನುವಾರ. ಮನೇಲಿರೋಕಾಗ್ದೆ ಬಂದೆ. ನೀನು ಓದಿದೆ. ನೂರೈವತ್ತು ಜನ ಆಮೆನ್ ಅಂದ್ರು. ಒಂದು ಗಳಿಗೆ ಕಣೋ, ಒಂದೇ ಒಂದು ಗಳಿಗೆ, ಮನೇಗೆ ಹೋದ್ರೆ ಇರ್ತಾಳೇನೋ ಅನ್ನಿಸ್ತು. ಬೇಗ ಬೇಗ ನಡ್ಕೊಂಡು ಹೋದೆ. ಈ ಮಂಡಿನೋವು ಇಟ್ಕೊಂಡು."

"ಲೋ..."

"ಬೀಗ ತೆಗೆದೆ. ಇನ್ನೇನು, ಅವಳ ಖಾಲಿ ಕುರ್ಚಿ ಇತ್ತು. ಮುಂದಿನ ವಾರ ತಿದ್ದಿರ್ತಾನೆ ಅಂದ್ಕೊಂಡು ಬಂದೆ. ಅದರ ಮುಂದಿನ ವಾರಾನೂ ಬಂದೆ. ಆಮೇಲೆ ನಂಗೆ ಸಾಕಾಯ್ತು."

ಕ್ಷಮಿಸು ಎನ್ನಲು ಮುದ್ರಕ ಬಾಯಿ ತೆರೆದ, ಹೊರಟದ್ದು ಬೇರೆಯೇ. "ದಾರ ಬಿಚ್ಚಿರ್ಲಿಲ್ಲ ಕಣೋ. ಆ ಪುಟಾನ ಬಿಚ್ಚೋ ಪದ್ಧತಿ ಇಲ್ಲ."

"ಗೊತ್ತು. ನಿನ್ನ ಕಸುಬು ನನಗೆ ಹೊಸದಾ? ಅದಕ್ಕೇ ಬೈಲಿಲ್ಲ." ಗೆಳೆಯ ಕಣ್ಣಿನಿಂದ ಭೂತಗನ್ನಡಿ ತೆಗೆದ. ಅದಿಲ್ಲದೆ ಆ ಕಣ್ಣು ಸಣ್ಣದಾಗಿ, ದಣಿದಂತೆ ಕಂಡಿತು. "ಬಂದಿದ್ದೀಯಲ್ಲ, ಒಂದು ಕೆಲಸ ಮಾಡು. ನನಗೋಸ್ಕರ ಪ್ರಾರ್ಥನೆ ಮಾಡು. ಈಗ, ಇಲ್ಲೇ. ಹಾಳೆ ಇಲ್ದೆ."

ಇದೊಂದು ಕಷ್ಟವೇ? ಮುದ್ರಕ ಕನ್ನಡಕ ತೆಗೆದಿಟ್ಟ. ಕಣ್ಣು ಮುಚ್ಚಿದ. "ಕೃಪಾಪೂರ್ಣನಾದ ಪರಲೋಕದ ತಂದೆಯೇ, ಈ ಶುಭದಿನವನ್ನು ಕಾಣುವಂತೆ ನಮಗೆ..."

"ಅದು ಹಾಳೇಲಿದೆ."

"...ನಿನ್ನ ಅಪಾತ್ರ ಸೇವಕರಾದ ನಾವು..."

"ಅದೂ ಇದೆ. ಮೇಲಿಂದ ಎರಡನೇ ಸಾಲು."

ಮುದ್ರಕ ಕಣ್ಣು ಮುಚ್ಚಿಕೊಂಡೇ ಹುಡುಕಿದ. ಒಳಗೆ ಖಾನೆಗಳ ಸಾಲು ಕಂಡಿತು. ಒಂದರಲ್ಲೂ ಬಿಡಿ ಅಕ್ಷರವಿರಲಿಲ್ಲ. ಎಲ್ಲವೂ ಯಾವತ್ತೋ ಜೋಡಿಸಿಟ್ಟ ಸಾಲುಗಳಲ್ಲಿ, ಬಿಗಿದ ದಾರದೊಳಗೆ ಸಿಕ್ಕಿಕೊಂಡಿದ್ದವು. ಹೆಂಡತಿ ಸತ್ತ ಗೆಳೆಯನಿಗೆಂದು ಒಂದು ವಾಕ್ಯ ಮಾಡುವಷ್ಟು ಮೊಳೆ ಅವನ ಬಳಿ ಇರಲಿಲ್ಲ. ಒಂದು ಗಡಿಯಾರ ಹನ್ನೊಂದು ಬಡಿಯಿತು. ಇನ್ನೊಂದು, ಅದಕ್ಕೆ ಸೆಡ್ಡು ಹೊಡೆದಂತೆ, ನಾಲ್ಕು.

"ಹೋಗು ಮಾರಾಯ" ಎಂದ ಗೆಳೆಯ; ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. "ಒಂದು ಮಾತು ಸಿಕ್ಕಾಗ ಬಾ. ಸಿಗ್ದೇ ಇದ್ರೆ ಬರ್ಬೇಡ. ನನ್ನ ಹತ್ರ ಹಾಳೆ ಸಾಕಷ್ಟಿದೆ."

ಮಾರನೆಯ ಬೆಳಿಗ್ಗೆ ಮುದ್ರಕ ಮೇಜಿನೆದುರು ಕುಳಿತು "ಕೃಪಾಪೂರ್ಣನಾದ" ಎಂದವನು ಅಲ್ಲೇ ತಡೆದ. ಹೆಂಡತಿ ಒಲೆಯ ಬಳಿ ಕಾದಳು. ಮತ್ತೆ "ಕೃಪಾಪೂರ್ಣನಾದ" ಎಂದ. ಕೊನೆಗೆ ಸರಸರನೆ "ಆಮೆನ್" ಎಂದುಬಿಟ್ಟ. ತಟ್ಟೆಗೆ ಬಂದ ಮೊಟ್ಟೆ ಒಡೆದಾಗ ನೀರಾಗಿ ಹರಿಯಿತು.

"ಏನ್ರೀ ಇದು? ಸುವಾರ್ತಾ ಸೇವಕರೆಲ್ಲ ಎಲ್ಲಿ ಹೋದ್ರು ಇವತ್ತು?"

ಅವನು ನಡೆದದ್ದನ್ನು ಹೇಳಿದ. ಆಕೆ ಸೌಟು ಹಿಡಿದುಕೊಂಡೇ ಕುಳಿತಳು.

"ನೀನೂ ಚರ್ಚಲ್ಲೇ ಇದ್ಯಲ್ಲೇ. ನಿಂಗೆ ಕೇಳಿಸ್ಲಿಲ್ವಾ?"

"ಹಸಿ ಹಸಿ ಸುಳ್ಳು ಯಾಕೆ ಹೇಳ್ಲಿ? ನೀವು ಶುರು ಮಾಡ್ತಿದ್ದ ಹಾಗೆ ನಂಗೆ ಒಲೆ ಮುಂದೆ ನಿಂತ ಹಾಗಾಗುತ್ತೆ. ಬೆಂದಾಗ ಆಮೆನ್ ಅಂತೀನಿ." ಸೌಟು ಕೆಳಗಿಟ್ಟು ಕೇಳಿದಳು: "ಆ ಅಣ್ಣ ಊಟಕ್ಕೇನು ಮಾಡ್ಕೊಳ್ತಿದ್ದಾರೆ?"

ಮುದ್ರಕನಿಗೆ ಗೊತ್ತಿರಲಿಲ್ಲ. ಅವನು ಅಂಗಡಿಯನ್ನು ನೆನೆಯಲು ಯತ್ನಿಸಿದ. ಬ್ರೆಡ್ಡಿನ ಪೊಟ್ಟಣ ಎಲ್ಲೋ ಕಂಡಂತಾಯಿತು. ಒಂದೇ ಕಪ್ಪು. ಕಂಡೂ ಕಾಣದ ಹಾಗೆ.

ಶನಿವಾರ ಅವನು ತಗಡಿನ ತಟ್ಟೆಯನ್ನು ಕೆಳಗಿಳಿಸಿದ. ದಾರ ಕಪ್ಪಾಗಿ, ಶಾಯಿ ಕುಡಿದು, ತಂತಿಯಂತೆ ಗಟ್ಟಿಯಾಗಿತ್ತು. ಗಂಟು ಉಗುರಿಗೆ ಬಗ್ಗಲಿಲ್ಲ. ಚಾಕುವಿನಿಂದ ಕತ್ತರಿಸಿದ. ಅಷ್ಟು ವರ್ಷ ಒಂದನ್ನೊಂದು ಒತ್ತಿಕೊಂಡಿದ್ದ ಮೊಳೆಗಳು ದಾರ ಹೋದ ಮೇಲೂ ಹಾಗೆಯೇ ನಿಂತಿದ್ದವು, ಬಿಡುಗಡೆಯ ಸುದ್ದಿ ತಲುಪದ ಕೈದಿಗಳ ಹಾಗೆ. ಅವನು ಒಂದೊಂದನ್ನೇ ಕಿತ್ತು ಸೀಮೆಎಣ್ಣೆಯಲ್ಲಿ ತೊಳೆದು ಖಾನೆಗೆ ಹಾಕಿದ. "ಸಹೋದರಿ"ಯ ಅಕ್ಷರಗಳನ್ನು ಬೇರ್ಪಡಿಸುವಾಗ ಅವಳ ದನಿ ನೆನಪಾಯಿತು: ಅಚ್ಚುಕೂಟಕ್ಕೆ ಬಂದಾಗಲೆಲ್ಲ, "ಅಣ್ಣಾ, ನಿಮ್ಮನೇಲಿ ಕೂರೋಕೆ ಶಾಯಿ ಮೆತ್ತದಿರೋ ಕುರ್ಚಿ ಒಂದೂ ಇಲ್ವಲ್ಲ" ಎಂದು ನಿಂತೇ ಹರಟುತ್ತಿದ್ದ ದನಿ. ಅವಳು ಸತ್ತ ಮೇಲೆ ಅವನು ಅವಳಿಗಾಗಿ ಅತ್ತಿರಲಿಲ್ಲವೆಂದು ಆಗ ತಿಳಿಯಿತು. ಪ್ರಾರ್ಥನೆಯ ಪಟ್ಟಿಯಲ್ಲಿದ್ದಳಲ್ಲ, ಅಲ್ಲಿದ್ದವರು ಎಲ್ಲಿಗೂ ಹೋಗುವುದಿಲ್ಲ.

ಭಾನುವಾರದ ಹಾಳೆಯ ಕೆಳಭಾಗ ಬಿಳಿಯಾಗಿತ್ತು. ಜನ ಅದನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಶಾಯಿ ಮುಗಿದಿರಬೇಕೆಂದು ಒಬ್ಬರು ಅನುಕಂಪ ತೋರಿದರು. ಮುದ್ರಕ ವೇದಿಕೆಗೆ ಹೋಗಿ ಕನ್ನಡಕವನ್ನು ತೆಗೆಯದೆ ನಿಂತ.

"ಗಡಿಯಾರದಂಗಡಿಯ ತಂಗಿ ತೀರಿಕೊಂಡು ಒಂಬತ್ತು ವಾರ ದಾಟಿತು. ಪೆಟ್ಟಿಗೆ ಹೊತ್ತವನು ನಾನು. ಆಮೇಲೂ ಒಂಬತ್ತು ಭಾನುವಾರ ಅವಳಿಗೆ ಗುಣ ಆಗ್ಲಿ ಅಂತ ಇಲ್ಲಿಂದ ಓದಿದವನೂ ನಾನೇ. ಪುಟ ಬಿಚ್ಚಿರ್ಲಿಲ್ಲ. ಏನು ಓದ್ತಿದ್ದೀನಿ ಅಂತ ನನಗೇ ಗೊತ್ತಿರ್ಲಿಲ್ಲ."

"ಆಮೆನ್" ಎಂದಿತು ಹಿಂದಿನ ಬೆಂಚಿನಿಂದ ಒಂದು ನಿದ್ದೆಗಣ್ಣಿನ ದನಿ.

ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿದ್ದ ದರ್ಜಿಯಮ್ಮ ಎದ್ದು ನಿಂತಳು. "ನಾನು ಮೊದಲ್ನೇ ವಾರವೇ ಗಮನಿಸಿದ್ದೆ ಹಿರಿಯರೇ. ಕೇಳೋಣ ಅಂದ್ಕೊಂಡೆ. ಆದ್ರೆ ನಿಮಗೆ ನಮಗಿಂತ ಜಾಸ್ತಿ ವಿಶ್ವಾಸ ಇದೆ, ಸತ್ತವಳನ್ನ ಎಬ್ಬಿಸೋ ಪ್ರಯತ್ನದಲ್ಲಿದ್ದೀರೇನೋ ಅಂತ ಸುಮ್ನಾದೆ."

ಈಗ ನಗು ತಡೆಯುವುದು ಯಾರ ಕೈಯಲ್ಲೂ ಆಗಲಿಲ್ಲ. ಅದರ ನಡುವೆ ಬೇಕರಿಯ ಮಾವ ಲವಲವಿಕೆಯಿಂದ ಎದ್ದರು. "ಇದೇ ಮಾತಿಗೆ ಹೇಳ್ಬಿಡ್ತೀನಿ. ನನ್ನ ಮೊಣಕಾಲು ವಾಸಿಯಾಗಿ ನಾಲ್ಕು ವರ್ಷ ಆಯ್ತು."

"ಮತ್ತೆ ಹೇಳ್ಬಾರ್ದಾ ಯಜಮಾನ್ರೇ?" ಎಂದು ಮುದ್ರಕ ಕೇಳಿದ.

"ಹೇಳಿದ್ರೆ ಪಟ್ಟಿಯಿಂದ ತೆಗೆದುಬಿಡ್ತೀರಿ. ವಾರಕ್ಕೊಂದ್ಸಲ ನನ್ನನ್ನ ನೆನೆಸ್ಕೊಳ್ಳೋದು ಅದೊಂದೇ ಜಾಗ."

ನಗು ನಿಂತಿತು. ಆ ಮುದುಕರ ಪಕ್ಕದಲ್ಲಿ ಕೂತಿದ್ದ ಮಗಳೂ ಅಳಿಯನೂ ಹಾಳೆಯ ಬಿಳಿಭಾಗವನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

"ಹಾಗಾದ್ರೆ ಈಗ ಹೇಳಿ" ಎಂದ ಮುದ್ರಕ. "ಯಾರಿಗೆ ಏನಾಗಿದೆ? ನನಗೆ ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

ಮೊದಲು ಔಷಧದಂಗಡಿಯವನು, ಊರಿಗೆಲ್ಲ ಗುಳಿಗೆ ಕೊಡುವವನು, ತನಗೆ ತಿಂಗಳಿಂದ ನಿದ್ದೆಯಿಲ್ಲವೆಂದ. ದರ್ಜಿಯಮ್ಮ ಮತ್ತೆ ಎದ್ದಳು, ಈ ಸಲ ನಗಿಸಲಲ್ಲ, ಮಗ ಮಾತಾಡಿಸುವುದಿಲ್ಲವೆಂದಳು. ಹಿಂದಿನ ಬೆಂಚಿನ ನಿದ್ದೆಗಣ್ಣಿನವನು ತಾನು ಹಿಂದೆ ಕೂರುವುದು ಯಾರೂ ಏನೂ ಕೇಳದಿರಲೆಂದೇ, ಆದರೆ ಯಾರಾದರೂ ಕೇಳಬಾರದೇ ಎಂದೂ ಅನ್ನಿಸುತ್ತದೆ ಎಂದ. ಪಟ್ಟಿ ಬೆಳೆಯುತ್ತ ಹೋಯಿತು. ಪಾಸ್ಟರ್ ಆ ದಿನದ ಉಪದೇಶಕ್ಕೆಂದು ಬರೆದು ತಂದಿದ್ದ ಹನ್ನೆರಡು ಪುಟಗಳನ್ನು ಮಡಿಸಿ ತೊಡೆಯ ಕೆಳಗಿಟ್ಟುಕೊಂಡರು. ಕೊನೆಗೆ ಪ್ರಾರ್ಥಿಸಲು ಎದ್ದಾಗ, ಬರೆದದ್ದೇನೂ ಇಲ್ಲದೆ ಮೂರು ಸಲ ಗಂಟಲು ಸರಿಮಾಡಿಕೊಂಡು, ಇಬ್ಬರನ್ನು ಅದಲುಬದಲು ಮಾಡಿ, ಔಷಧದಂಗಡಿಯವನ ಮಗ ಅವನೊಡನೆ ಮಾತಾಡಲೆಂದೂ ದರ್ಜಿಯಮ್ಮನಿಗೆ ನಿದ್ದೆ ಬರಲೆಂದೂ ಬೇಡಿಕೊಂಡರು. ಔಷಧದಂಗಡಿಯವನಿಗೆ ಮದುವೆಯಾಗಿರಲಿಲ್ಲ. ಆದರೂ ಆ ದಿನ ಎಲ್ಲರೂ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಆಮೆನ್ ಅಂದರು.

ಮುದ್ರಕ ಚರ್ಚಿನಿಂದ ಮನೆಗೆ ಹೋಗಲಿಲ್ಲ. ಗಡಿಯಾರದಂಗಡಿಯ ಮುಂಬಾಗಿಲು ಭಾನುವಾರ ಮುಚ್ಚಿರುತ್ತದೆ. ಹಿಂದಿನಿಂದ ಹೋಗಿ ಅಡುಗೆಮನೆಯ ಬಾಗಿಲು ತಟ್ಟಿದ. ಗೆಳೆಯ ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದ. ಅಂಗಿಯ ಗುಂಡಿಗಳು ಒಂದು ಕಾಜು ತಪ್ಪಿ ಸಾಲಾಗಿ ಮೇಲೇರಿದ್ದವು. ಒಲೆಯ ಮೇಲೆ ಧೂಳಿತ್ತು. ಮೇಜಿನ ಬಳಿ ಎರಡು ಕುರ್ಚಿ. ಒಂದರ ಬೆನ್ನಿಗೆ ಅವಳ ಕೈಚೀಲ ಇನ್ನೂ ನೇತಾಡುತ್ತಿತ್ತು.

ಈ ಸಲ ಮುದ್ರಕ ಎಲ್ಲವನ್ನೂ ನೋಡಿದ. ನೋಡಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಮಾತು ಸಿಕ್ತಾ?" ಎಂದ ಗೆಳೆಯ.

ಮುದ್ರಕ ಕಣ್ಣು ಮುಚ್ಚಲಿಲ್ಲ; ಮುಚ್ಚಿದರೆ ಹಳೆಯ ಸಾಲುಗಳು ಎದ್ದು ಬರುತ್ತವೆಂಬ ಹೆದರಿಕೆ. ಗೆಳೆಯನನ್ನು ನೋಡುತ್ತಲೇ ಹೇಳಿದ.

"ದೇವರೇ, ಇವನು ಬರೀ ಬ್ರೆಡ್ ತಿಂತಿದ್ದಾನೆ. ಅಂಗಿ ಗುಂಡಿ ತಪ್ಪು ಹಾಕ್ಕೊಂಡಿದ್ದಾನೆ. ಅವಳ ಚೀಲ ತೆಗೆಯೋಕೆ ಇವನ ಕೈಲಾಗ್ತಿಲ್ಲ. ನಾನು ಇದೇ ಬೀದೀಲಿದ್ದು ನೋಡ್ಲಿಲ್ಲ. ಅವಳು ನನಗೂ ತಂಗಿಯಾಗಿದ್ಲು, ನಾನು ಅಳ್ಲೂ ಇಲ್ಲ. ನನಗೆ ನಾಚಿಕೆ ಆಗ್ತಿದೆ. ಇವನನ್ನ..." ಅಲ್ಲಿ ಮಾತು ಮುಗಿಯಿತು. "ಇವನನ್ನ ಏನು ಮಾಡ್ಬೇಕೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿರ್ಬೇಕು."

ಗೆಳೆಯ ಬ್ರೆಡ್ಡಿನ ತುಂಡನ್ನು ಕೆಳಗಿಟ್ಟ. ಗುಂಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ, ಒಂದೊಂದನ್ನಾಗಿ, ಮೇಲಿಂದ ಕೆಳಗೆ. ಅವನ ಭುಜ ಅಲುಗಿತು. ನಗುವೋ ಅಳುವೋ ಎಂದು ಮುದ್ರಕನಿಗೆ ತಿಳಿಯಲಿಲ್ಲ, ಬಹುಶಃ ಅವನಿಗೂ.

"ಆಮೆನ್" ಎಂದ ಕೊನೆಗೆ. "ಎಷ್ಟು ಕೆಟ್ಟ ಪ್ರಾರ್ಥನೆ ಕಣೋ. ಬ್ರೆಡ್ಡಿನ ವಿಷಯ ದೇವರಿಗೆ ಹೇಳೋ ಅಂಥದ್ದಾ?"

"ಮನೇಲಿ ನನ್ನವಳಿಗೂ ಹೇಳ್ತೀನಿ."

"ಅದು ಬೇರೆ. ಅವಳು ಕೇಳ್ತಾಳೆ."

ಆಮೇಲೆ ಇಬ್ಬರೂ ಕುಳಿತರು. ಮುದ್ರಕ ಕುಳಿತದ್ದು ಚೀಲವಿದ್ದ ಕುರ್ಚಿಯಲ್ಲಿ; ಗೆಳೆಯ ಬೇಡವೆನ್ನಲಿಲ್ಲ. ಚೀಲ ಅವನ ಬೆನ್ನಿಗೂ ಕುರ್ಚಿಗೂ ನಡುವೆ ಒತ್ತುತ್ತಿತ್ತು.

ಸೋಮವಾರದಿಂದ ಗಡಿಯಾರದವನ ಬೆಳಗಿನ ತಿಂಡಿ ಮುದ್ರಕನ ಮನೆಯಲ್ಲಿ. ಮೊದಲ ದಿನ ಪ್ರಾರ್ಥನೆ ಅರ್ಧ ನಿಮಿಷಕ್ಕೇ ಮುಗಿದು ಮೊಟ್ಟೆ ನೀರಾಯಿತು. ಎರಡನೆಯ ದಿನ ಮುದ್ರಕ ನಡುವೆ ಮೌನವಾಗಿ ಏನನ್ನೋ ಹುಡುಕುತ್ತ ಕುಳಿತು, ಮೂರು ಮೊಟ್ಟೆಯೂ ಕಲ್ಲಾಯಿತು. ಮೂರನೆಯ ದಿನ ದರ್ಜಿಯಮ್ಮನ ಮಗನ ವಿಷಯದಲ್ಲಿ ದೇವರೊಡನೆ ಜಗಳವೇ ಆದಂತಿತ್ತು. ನೀರು ಇಂಗಿ ಪಾತ್ರೆ ಸೀದಿತು.

"ಅಣ್ಣಾ, ನಿಮ್ಮಂಗಡೀಲಿ ಒಂದು ಚಿಕ್ಕ ಗಡಿಯಾರ ಇದ್ರೆ ತಂದುಕೊಡಿ" ಎಂದಳು ಮುದ್ರಕನ ಹೆಂಡತಿ, ಸೀದ ಪಾತ್ರೆ ಉಜ್ಜುತ್ತ. "ಇನ್ನು ಇವರನ್ನ ನಂಬ್ಕೊಂಡು ಅಡುಗೆ ಮಾಡೋಕಾಗಲ್ಲ."

ಗುರುವಾರ ಗಡಿಯಾರದವ ಗುಂಡಿಗಳನ್ನು ಸರಿಯಾಗಿ ಹಾಕಿಕೊಂಡು, ಕಂಕುಳಲ್ಲಿ ಪೊಟ್ಟಣ ಹಿಡಿದು ಬಂದ. ಒಲೆಯ ಮೇಲಿನ ಗೋಡೆಗೆ ತಾನೇ ಮೊಳೆ ಹೊಡೆದು ಗಡಿಯಾರ ತೂಗುಹಾಕಿದ, ಕೀಲಿ ಕೊಟ್ಟ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ, ಅದರ ಬಡಿತ ಆಲಿಸಿದ.

"ಎಷ್ಟು ನಿಮಿಷ ಬೇಕಮ್ಮ ನಿನ್ನ ಮೊಟ್ಟೆಗೆ?"

"ನಾಲ್ಕೂವರೆ."

"ಸರಿ, ನಾನು ನೋಡ್ಕೊಳ್ತೀನಿ. ನೀನು ಕೂತ್ಕೋ." ಅವನು ಒಲೆಯ ಬಳಿ ನಿಂತು ಮುದ್ರಕನ ಕಡೆ ತಿರುಗಿದ. "ನೀನು ಶುರು ಮಾಡಪ್ಪ. ನಿಂಗೆ ಎಷ್ಟು ಹೊತ್ತು ಬೇಕೋ ಅಷ್ಟು ತಗೋ."